ಲ್ಯಾಪ್‌ಟಾಪಿಗೆ ಒತ್ತಿದ ಹೆಬ್ಬೆಟ್ಟು

ದೂರದ ಚಳಿದೇಶದ ಊರು ತಾಂಪೆರೆಯ ಭೂಗೋಳದ ಮೇಷ್ಟ್ರು ತಾನೆಲಿಗೆ ಹೊಟ್ಟೆ ಉರಿಸುವ ಸಂಗತಿಯೊಂದಿತ್ತು. ಅವನ ಲ್ಯಾಪ್‌ಟಾಪಿನಲ್ಲಿ ಬೆರಳಿಟ್ಟರೆ ತೆರೆದುಕೊಳ್ಳುವ ಪುಟ್ಟ ಚೌಕವಿತ್ತು. ಯಂತ್ರ ನಡೆಸಲು ಅವನು ಹಾಕಿಕೊಂಡಿದ್ದ ಲಿನಕ್ಸ್ ಎಂಬ ತಂತ್ರಾಂಶ ಮಾತ್ರ ಅದನ್ನು ಕಂಡೂ ಕಾಣದಂತಿತ್ತು. ಲಿನಕ್ಸನ್ನು ಬಿಡುವುದಂತೂ ಸಾಧ್ಯವಿರಲಿಲ್ಲ. ನಮ್ಮ ದೇಶದ ಹುಡುಗ ಶುರುಮಾಡಿದ್ದನ್ನು ನಾವೇ ಬಳಸದಿದ್ದರೆ ಹೇಗೆ ಎಂದು ಮನೆಗೆ ಬಂದವರಿಗೆಲ್ಲ ಅವನು ಉಪನ್ಯಾಸ ಕೊಡುತ್ತಿದ್ದ. (ಬರುವವರು ಕಡಿಮೆಯಾಗಿದ್ದೇ ಅದರಿಂದ ಎಂದು ಹೆಂಡತಿ ಹಿಲ್ಕಾಳ ದೂರು.)

ಜುಲೈನ ಒಂದು ಶನಿವಾರ, ಸರೋವರದ ದಂಡೆಯ ಬೇಸಿಗೆ ಮನೆಯಲ್ಲಿ, ಆ ಚೌಕವನ್ನು ಪಳಗಿಸಿಯೇ ಸಿದ್ಧ ಎಂದು ಕೂತ. ಮಧ್ಯಾಹ್ನವೆಲ್ಲ ಕಪ್ಪು ಕಿಟಕಿಯಲ್ಲಿ ಆದೇಶದ ಮೇಲೆ ಆದೇಶ ಕುಟ್ಟಿದ. ಯಂತ್ರ ಜಪ್ಪಯ್ಯ ಎನ್ನಲಿಲ್ಲ. ಬೇಸತ್ತು ಸೌನಾದ ಬಿಸಿಹಬೆಯ ಕೋಣೆಯಲ್ಲಿ ಬೆವರಿಳಿಸಿ, ಸರೋವರದಲ್ಲಿ ಮನದಣಿಯೆ ಈಜಿ, ಟವೆಲ್ ಸುತ್ತಿಕೊಂಡು ಬಂದವನಿಗೆ ತಾನು ಬಿಟ್ಟಿದ್ದ ಒಂದು ಆದೇಶ ಹೊಳೆಯಿತು. ಕುಟ್ಟಿದ. ಬೆರಳಿಡಿ ಎಂದಿತು ಯಂತ್ರ. ಮತ್ತೆ ಇಡಿ, ಚೂರು ಸರಿಸಿ ಇಡಿ ಎಂದು ಸತಾಯಿಸಿ, ಕೊನೆಗೆ ಮಹಾಪ್ರಸಾದದಂತೆ ಅವನ ಹೆಬ್ಬೆರಳನ್ನು ಸ್ವೀಕರಿಸಿತು.

ಕೇಕಿಗೆ ಕೆನೆ ಬಡಿಯುತ್ತಿದ್ದ ಹಿಲ್ಕಾ ತಿರುಗಿ ನೋಡಿದಳು. "ಇಷ್ಟೆಲ್ಲ ಓದಿ ಕೊನೆಗೆ ಹೆಬ್ಬೆಟ್ಟಾದ್ಯಲ್ಲೋ."

ಅಸೂಯೆಯ ಮಾತಿಗೆ ಅವನು ಕಿವಿಗೊಡಲಿಲ್ಲ. ಇನ್ನು ಪಾಸ್‌ವರ್ಡಿನ ಹಂಗೇಕೆ ಎಂದು, ಕಳ್ಳನ ಮುತ್ತಾತನಿಗೂ ಹೊಳೆಯದಂಥ ಮಾರುದ್ದದ ಪಾಸ್‌ವರ್ಡ್ ಇಟ್ಟು, ಯಂತ್ರವನ್ನು ತೆರೆದೇ ಬಿಟ್ಟು ವಿಜಯೋತ್ಸವ ಆಚರಿಸಲು ಮತ್ತೆ ಸೌನಾಕ್ಕೆ ಓಡಿದ.

ಮರುದಿನ ಅತ್ತೆ ಐಲಿಯ ಎಂಬತ್ತನೇ ಹುಟ್ಟುಹಬ್ಬ. ಚರ್ಚಿನ ಸಭಾಂಗಣದ ತುಂಬ ನೆಂಟರು. ಅತ್ತೆಯ ಬಾಲ್ಯದಿಂದ ಇಲ್ಲಿಯವರೆಗಿನ ಫೋಟೋಗಳನ್ನೆಲ್ಲ ತಾನೆಲಿ ತಿಂಗಳುಗಟ್ಟಲೆ ಕೂಡಿಸಿ ಲ್ಯಾಪ್‌ಟಾಪಿನಲ್ಲಿ ಇಟ್ಟಿದ್ದ. ಇದ್ದದ್ದೂ ಅಲ್ಲೊಂದೇ ಕಡೆ. ಪಾದ್ರಿಯ ಆಶೀರ್ವಚನ ಮುಗಿಯಿತು, ಕಾಫಿ ಮುಗಿಯಿತು, ಪರದೆ ಇಳಿಯಿತು. ಪಾಸ್‌ವರ್ಡಿನ ಕಾಲ ಮುಗಿಯಿತು ಎಂದು ಪುಟ್ಟ ಭಾಷಣ ಬಿಗಿದು ತಾನೆಲಿ ಹೆಬ್ಬೆರಳಿಟ್ಟ. ಯಂತ್ರ ಅವನನ್ನು ಗುರುತಿಸಲಿಲ್ಲ. ಒರೆಸಿ ಇಟ್ಟ, ಊದಿ ಇಟ್ಟ, ಒತ್ತಿ ಇಟ್ಟ. ಊಹೂಂ. ಪಾಸ್‌ವರ್ಡ್ ನೆನಪಿಸಿಕೊಳ್ಳಲು ಹೋದರೆ, ತಾನೇ ಆ ಕಳ್ಳನ ಮುತ್ತಾತನಾಗಿದ್ದ.

ಅತ್ತೆ ಮುಂದಿನ ಸಾಲಿನಲ್ಲಿ ಖಾಲಿ ಪರದೆಯನ್ನೇ ನೋಡುತ್ತ ಕೂತಿದ್ದರು. ಹಿಂದಿನ ಸಾಲಿನಲ್ಲಿ ಒಬ್ಬೊಬ್ಬರೇ ಕೋಟು ಹುಡುಕತೊಡಗಿದರು. ತಾನೆಲಿಯ ಕುತ್ತಿಗೆ ಸೌನಾದಲ್ಲಿದ್ದಂತೆ ಬೆವರಿತು.

ಹಿಲ್ಕಾ ಬಂದು ಅವನ ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. "ನಿನ್ನೆ ನೀರಿಂದ ಎದ್ದು ಬಂದಾಗ ಇದು ಒಣದ್ರಾಕ್ಷಿ ಥರ ಸುಕ್ಕಾಗಿತ್ತು. ಯಂತ್ರಕ್ಕೆ ಆ ಸುಕ್ಕೇ ಗೊತ್ತು, ನೀನಲ್ಲ."

"ಈಗೇನ್ ಮಾಡೋದು?"

"ಮತ್ತೆ ಸುಕ್ಕು ಮಾಡ್ಕೊ. ಅಡುಗೆಮನೇಲಿ ಬಿಸಿನೀರಿದೆ. ಹೇಗೂ ಕೈ ನೀರಲ್ಲಿರುತ್ತೆ, ಆ ಕಾಫಿ ಕಪ್ಪುಗಳನ್ನೂ ತೊಳೆದುಬಿಡು."

ತರ್ಕ ವಿಜ್ಞಾನಸಮ್ಮತವಾಗಿತ್ತು, ಮೇಷ್ಟ್ರು ಒಪ್ಪಲೇಬೇಕಾಯಿತು. ನೆಂಟರೆಲ್ಲರ ಕಪ್ಪು, ಸಾಸರು, ಕೆನೆ ಮೆತ್ತಿದ ತಟ್ಟೆಗಳನ್ನೆಲ್ಲ ಅವನು ತೊಳೆದ. ಬೆರಳು ಎಷ್ಟು ಸುಕ್ಕಾಯಿತೆಂದು ನೋಡಲು ಆಗಾಗ ಯಾರಾದರೂ ಇಣುಕುತ್ತಿದ್ದರು, ಬರುವಾಗ ಇನ್ನೊಂದು ತಟ್ಟೆ ತರುತ್ತಿದ್ದರು. ಕೋಟು ಹಾಕಿಕೊಂಡವರೂ ತಮಾಷೆ ನೋಡಲು ಕೂತರು. ಕಡೆಗೆ ಹಸುಳೆಯನ್ನೆತ್ತಿ ತರುವಂತೆ ಹೆಬ್ಬೆರಳನ್ನು ಎತ್ತಿ ಹಿಡಿದು ಬಂದು, ಉಸಿರು ಬಿಗಿಹಿಡಿದು ಚೌಕದ ಮೇಲಿಟ್ಟ. ಮತ್ತೊಮ್ಮೆ ಪ್ರಯತ್ನಿಸಿ ಎಂದಿತು ಯಂತ್ರ. ಪ್ರಯತ್ನಿಸಿದ. ಮತ್ತೊಮ್ಮೆ ಎಂದಿತು. ಸುಕ್ಕಿನಲ್ಲೂ ನಿನ್ನೆಯದು ಬೇರೆ, ಇವತ್ತಿನದು ಬೇರೆ ಇರಬೇಕು.

ಹಿಲ್ಕಾ ಅವನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ತನ್ನ ಕಿರುಬೆರಳನ್ನು ಚೌಕಕ್ಕೆ ತಾಗಿಸಿದಳು. ಪರದೆಯ ಮೇಲೆ ಎರಡು ಜಡೆಯ ಪುಟ್ಟ ಐಲಿ, ಮೀನು ಹಿಡಿದು ನಗುತ್ತ ಮೂಡಿದಳು. ಸಭಾಂಗಣ ಚಪ್ಪಾಳೆ ತಟ್ಟಿತು.

ತಾನೆಲಿ ತನ್ನ ಸುಕ್ಕು ಹೆಬ್ಬೆರಳನ್ನೂ ಅವಳ ಕಿರುಬೆರಳನ್ನೂ ಬದಲಿಸಿ ಬದಲಿಸಿ ನೋಡಿದ. "ನಿನ್ ಬೆರಳು ಅದ್ರಲ್ಲಿ ಹೇಗ್ ಬಂತು?"

"ನೀನು ಎರಡನೇ ಸಲ ಸೌನಾಕ್ಕೆ ಹೋದ್ಯಲ್ಲ, ಆಗ ನಂದೂ ಒಂದು ಒತ್ತಿಟ್ಟೆ."

"ಮೊದಲೇ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಕಪ್ಪು ಯಾರು ತೊಳೀತಿದ್ರು?"

ಪರದೆಯ ಮೇಲಿನ ತಮ್ಮ ಬಾಲ್ಯದಿಂದ ಕಣ್ಣು ಕೀಳದೆಯೇ ಅತ್ತೆ ಮಗಳ ಕಡೆ ವಾಲಿದರು. "ಹಿಲ್ಕಾ, ಆ ಯಂತ್ರ ಹೀಗೇ ಇರ್ಲಿ ಕಣೆ. ರಿಪೇರಿಗೀಪೇರಿ ಮಾಡಿಸ್ಬೇಡ."