ಸಮುದ್ರದ ದಂಡಿಗೊಂದು ವಸ್ತಿ

ನಮ್ಮ ಕಾಕಾ ಇದುವರೆಗೆ ಸಮುದ್ರದ ದಂಡೆಯ ಹದಿನೇಳು ಕ್ಯಾಂಪುಗಳನ್ನು ತಿರಸ್ಕರಿಸಿದ್ದಾರೆ. ಸಮುದ್ರವನ್ನು ಮಾತ್ರ ಒಮ್ಮೆಯೂ ನೋಡಿಲ್ಲ! ನೋಡದ ಸಮುದ್ರದಲ್ಲಿ ಇಷ್ಟೊಂದು ಕೊರತೆ ಹುಡುಕಬಲ್ಲವರು ಗದಗ-ಬೆಟಗೇರಿಯಲ್ಲಿ ಇನ್ನೊಬ್ಬರಿದ್ದರೆ ತೋರಿಸಿ, ನನ್ನ ಶಾಲೆಯ ನೌಕರಿ ಬಿಟ್ಟುಬಿಡುತ್ತೇನೆ.

ಕಾಕಾ ನಿವೃತ್ತ ಬಸ್ ಡ್ರೈವರು. ಅವರು ಜೀವಮಾನವೆಲ್ಲ ಓಡಿಸಿದ್ದು ವಸ್ತಿ ಬಸ್ಸು. ಸಂಜೆ ಗದಗ ಬಿಟ್ಟು ಹೊಂಬಳವೋ ಹಿರೇಹಂದಿಗೋಳವೋ ಸೇರಿ, ಅಲ್ಲೇ ಬಸ್ಸಿನಲ್ಲಿ ಮಲಗಿ, ಬೆಳಗಿನ ಮೊದಲ ಟ್ರಿಪ್ಪಿಗೆ ಜನ ತುಂಬಿಕೊಂಡು ತಿರುಗಿ ಬರುವ ಬಸ್ಸು. ಹೀಗಾಗಿ ಅವರ ಲೆಕ್ಕದಲ್ಲಿ ಭೂಮಿಯ ಮೇಲೆ ಇರುವುದು ಎರಡೇ ನಮೂನೆಯ ಜಾಗ: ವಸ್ತಿ ಮಾಡಬಹುದಾದದ್ದು, ವಸ್ತಿ ಮಾಡಬಾರದ್ದು. ತಾಜಮಹಲಿನ ಫೋಟೋ ತೋರಿಸಿದರೂ "ಛಲೋ ಐತಿ. ಬಸ್ ತಿರುವಾಕ ಜಾಗ ಐತೇನು?" ಎಂದು ಕೇಳುತ್ತಾರೆ.

ಈ ಸಮುದ್ರದ ಆಸೆ ಮೂಲತಃ ಅವರದಲ್ಲ, ನಮ್ಮ ಕಾಕೂದು. ಮುಂಡರಗಿಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ ಕಾಕು ಸೀರೆ ಕೇಳಲಿಲ್ಲ, ಬಂಗಾರ ಕೇಳಲಿಲ್ಲ. "ನನಗ ಒಮ್ಮೆ ಸಮುದ್ರ ತೋರಸ್ರಿ" ಎಂದರಂತೆ. "ಇಬ್ರೂ ಕೂಡೇ ನೋಡೂಣು" ಎಂದು ಕಾಕಾ ಮಾತು ಕೊಟ್ಟರು. ಆಮೇಲೆ ವಸ್ತಿ ಬಸ್ಸು, ರಜೆ ಇಲ್ಲ, ಮಕ್ಕಳ ಓದು, ಅವರ ಮದುವೆ. ಈಗ ಕಾಕೂನ ಎರಡೂ ಮೊಳಕಾಲು ಕೈಕೊಟ್ಟಿವೆ. ದೀಪಾವಳಿ ಆದ ಮೇಲೆ ಆಪರೇಶನ್ ಎಂದು ಡಾಕ್ಟರು ಹೇಳಿದ್ದಾರೆ. "ಕೊಯ್ಸಕೊಂಡ ಮ್ಯಾಲ ಹೆಂಗೋ ಏನೋ ಯವ್ವಾ. ಕಾಲು ನನ್ನವ ಇದ್ದಾಗ ಒಮ್ಮೆ ನೀರಾಗ ಇಡತೀನಿ" ಎನ್ನುತ್ತಾರೆ ಕಾಕು.

ಲಾಡ್ಜು ಆಗುವುದಿಲ್ಲ. ಮೆಟ್ಟಿಲು ಹತ್ತಬೇಕು. ಅಲ್ಲದೆ ಯಾರ್ಯಾರೋ ಮಲಗೆದ್ದ ಹಾಸಿಗೆಯ ಮೇಲೆ ಕಾಕು ಕುಳಿತುಕೊಳ್ಳುವುದೂ ಇಲ್ಲ. ಅದಕ್ಕೇ ಕಾಕಾ ಲಕ್ಷ್ಮೇಶ್ವರದಿಂದ ಒಂದು ಹಳೇ ಶಾಲೆಯ ವ್ಯಾನು ತಂದರು. ಸೀಟು ಕಿತ್ತು ಹಲಗೆ ಹಾಕಿ ಎರಡು ಹಾಸಿಗೆ ಮಾಡಿದರು, ಒಂದು ಗ್ಯಾಸಿನ ಒಲೆ, ರೊಟ್ಟಿಯ ಹಂಚು, ಉಪ್ಪಿನಕಾಯಿ ಭರಣಿಗೊಂದು ಗೂಡು. ಇನ್ನು ಸಮುದ್ರದ ಹತ್ತಿರ ಈ ಗಾಡಿ ನಿಲ್ಲಿಸಲು ಒಂದು ಕ್ಯಾಂಪು ಆರಿಸಿದರೆ ಮುಗಿಯಿತು. ಆರಿಸುವ ಕೆಲಸಕ್ಕೆ ಫೋನು ನನ್ನದು, ಬಾಯಿ ಕಾಕಾರದು.

ಹೊರಡುವ ಮುಂಚೆ ತಾಲೀಮು ಆಗಬೇಕೆಂದು ಹೊಂಬಳಕ್ಕೆ ಹೋದೆವು. ಗುಡಿಯ ಹಿಂದಿನ ಬಯಲಿನಲ್ಲಿ ವ್ಯಾನು ನಿಂತಿತು. "ಇದೇನ್ರಿ ಡ್ರೈವರ್ ಸಾಹೇಬ್ರ, ಹೊಸಾ ಗಾಡಿ?" ಎಂದು ಯಾರೋ ಕೇಳಿದರು. "ಕ್ಯಾಂಪಿಂದ್ರಿ" ಎಂದು ಕಾಕಾ ಗತ್ತಿನಿಂದ ಹೇಳಿದರು. ಅಷ್ಟೇ ಹೇಳಿದ್ದು! ನಮ್ಮ ಕಡೆ ಕ್ಯಾಂಪು ಅಂದರೆ ಎರಡೇ. ಒಂದು ಕಣ್ಣಿಂದು, ಇನ್ನೊಂದು ಮಕ್ಕಳಾಗದ ಹಾಗೆ ಮಾಡುವುದು. ಅರ್ಧ ತಾಸಿನಲ್ಲಿ ಏಳೆಂಟು ಮಂದಿ ಮುದುಕಿಯರು ಮುಖ ಮೇಲೆ ಮಾಡಿಕೊಂಡು ಸಾಲಾಗಿ ನಿಂತರು. "ಮೊದಲ ಎಡಗಣ್ಣ ನೋಡ್ರೀ, ಬಲಗಣ್ಣು ಹ್ವಾದ ವರ್ಷ ಆಗೈತಿ" ಎಂದು ಒಬ್ಬಾಕೆ ಕಾಕಾರ ಅಂಗಿ ಹಿಡಿದಳು. ಹಿಂದೆ ನಿಂತ ಒಬ್ಬ ಯಜಮಾನರು ಮಾತ್ರ "ಇದು ಆ ಇನ್ನೊಂದು ಕ್ಯಾಂಪೇನು?" ಎಂದು ಮೆಲ್ಲಗೆ ವಿಚಾರಿಸಿ, ಉತ್ತರಕ್ಕೂ ಕಾಯದೆ ಧೋತರ ಎತ್ತಿ ಹೊರಟೇಬಿಟ್ಟರು. ಕಾಕು ಎಲ್ಲರಿಗೂ ಚಹಾ ಮಾಡಿಕೊಟ್ಟು ಕಳಿಸಬೇಕಾಯಿತು.

ಇನ್ನು ಫೋನಿನ ಕಥೆ. ಕಾಕಾರ ಪ್ರಶ್ನೆಗಳು ಮೂರು. ನೆಲ ಸಮ ಐತೇನು? ಗಾಡಿ ಮುಖ ಹೊರಗ ಮಾಡಿ ನಿಲ್ಲಸಬಹುದೇನು? ಬೇವಿನ ಗಿಡ ಐತೇನು? ಸಮುದ್ರದ ದಂಡೆಯಲ್ಲಿ ಬೇವಿನ ಗಿಡ! ಒಬ್ಬ ಮಾಲೀಕರು ಪಾಪ, "ತೆಂಗಿನ ಮರ ಬೇಕಾದಷ್ಟಿದೆ" ಎಂದರು. "ಕಾಯಿ ತಲಿ ಮ್ಯಾಲ ಬಿದ್ರ ಯಾರು ಜವಾಬ್ದಾರಿ?" ಎಂದು ಕಾಕಾ ಅವರನ್ನು ತಿರಸ್ಕರಿಸಿದರು. ಇನ್ನೊಂದು ಕಡೆ ಈಜುಕೊಳ ಇದೆ ಎಂದು ನಾನು ಓದಿ ಹೇಳಿದೆ. ಕಾಕಾ ಎದ್ದೇ ನಿಂತರು. "ಸಮುದ್ರದ ಬಾಜೂಕ ತೆಗ್ಗು ತೋಡಿ ನೀರು ತುಂಬ್ಯಾನ? ಇಲ್ಲಿ ನಮ್ಮ ನಳಕ್ಕ ನೀರು ಬಂದು ಎಂಟು ದಿನ ಆತು! ಅಂವಗ ಎಷ್ಟು ಸೊಕ್ಕಿರಬ್ಯಾಡ!" ಅದೂ ಹೋಯಿತು.

ಕುಮಟಾ ಕಡೆಯದೊಂದು ಕ್ಯಾಂಪು ಮಾತ್ರ ಬಹುತೇಕ ನಿಶ್ಚಯವಾಗಿತ್ತು. ಕಾಕಾ ಫೋನಿನಲ್ಲಿ, "ನಮ್ಮ ಮನಿಯಾಕಿಗೆ ಕಾಲು ನೋವ್ರಿ. ಗಾಡಿ ನೀರಿನ ಬಾಜೂಕ ನಿಲ್ಲಸಬೇಕು" ಎಂದರು.

"ನಿಲ್ಲಿಸಿ ಮಾರಾಯ್ರೆ. ಭರತ ಬರುವಾಗ ಮಾತ್ರ ತೆಗೀಬೇಕು."

"ಯಾವಾಗ ಬರ್ತಾನ್ರಿ?"

"ದಿನಕ್ಕೆ ಎರಡು ಸಲ."

"ಅಂವ ಬಂದ್ರ ನಾವ್ಯಾಕ ತಗೀಬೇಕ್ರಿ? ಮೊದಲ ಬಂದವ್ರು ನಾವು. ಅವನ ಗಾಡಿ ಅತ್ತಾಗ ಹಚ್ಚಾಕ ಹೇಳ್ರಿ!"

"ಭರತಕ್ಕೆ ಯಾರು ಹೇಳುವುದು ಮಾರಾಯ್ರೆ? ಹುಣ್ಣಿಮೆಗಂತೂ ಭಾರೀ ಜೋರು."

ಕಾಕಾ ಫೋನಿಗೆ ಅಂಗೈ ಮುಚ್ಚಿ ನನ್ನ ಕಿವಿಯಲ್ಲಿ, "ಹುಣ್ಣಿಮಿಗೆ ಕುಡಿತಾನಂತ ಕಾಣತೈತಿ. ಬ್ಯಾಡವಾ, ಹೆಣ್ಣಮಕ್ಕಳನ್ನ ಕರಕೊಂಡು ಹೋಗೂ ಜಾಗ ಅಲ್ಲ" ಎಂದು ಇಟ್ಟೇಬಿಟ್ಟರು. ಭರತ ಎಂದರೆ ಮನುಷ್ಯನಲ್ಲ, ಸಮುದ್ರದ ನೀರು ಏರುವುದಕ್ಕೆ ಅಲ್ಲಿಯವರು ಹಾಗೆ ಅನ್ನುತ್ತಾರೆ ಎಂದು ತಿಳಿಸಿ ಹೇಳುವಷ್ಟರಲ್ಲಿ ನನಗೆ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಿತ್ತು. ಕಾಕಾ ನಗಲಿಲ್ಲ. "ಏನರೆ ಇರಲಿ, ಆಗಿಬರೂದಿಲ್ಲ" ಎಂದರು.

ಪ್ರತಿ ಸಂಜೆ ಕಾಕು ಗೋಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕುಳಿತು, "ಇವತ್ತ ಯಾವ ದಂಡಿ?" ಎಂದು ಕೇಳುತ್ತಿದ್ದರು. ಫೋನಿನಲ್ಲಿ ಬರುವ ಸಮುದ್ರದ ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದರು. ನಮ್ಮ ಕಡೆ ಕಣ್ಣು ಹಾಯುವವರೆಗೂ ಎರೆಹೊಲ. ಅದನ್ನೇ ನೋಡಿ ಬೆಳೆದ ಆ ಜೀವ ಅಷ್ಟೊಂದು ನೀರನ್ನು ಹಾಗೆ ನೋಡುವುದು ಕಂಡು ನನಗೆ ಸಂಕಟವಾಗುತ್ತಿತ್ತು.

ಹೋದ ರವಿವಾರ ಹದಿನೆಂಟನೆಯದು ಸಿಕ್ಕಿತು. ಸಮ ನೆಲ, ಅಗಲ ಗೇಟು, ಬೇವಿನದಲ್ಲದಿದ್ದರೂ ಒಳ್ಳೆಯ ನೆರಳು. ವ್ಯಾನಿನ ಬಾಗಿಲು ತೆಗೆದರೆ ಎದುರಿಗೆ ನೀರು. ಇದರಲ್ಲಿ ಹುಳುಕು ತೆಗೆಯಲು ಬ್ರಹ್ಮನಿಂದಲೂ ಆಗುತ್ತಿರಲಿಲ್ಲ. "ಹಚ್ಚಲೇನ್ರಿ ಫೋನು?" ಎಂದೆ.

"ಎರಡ ದಿನ ತಡಿ" ಎಂದರು ಕಾಕಾ.

ನನ್ನ ಪಿತ್ತ ನೆತ್ತಿಗೇರಿತು. "ನಿಮಗ ಹೋಗೂ ಮನಸ ಇಲ್ಲ ಕಾಕಾ! ಕಾಕೂನ ಕಾಲು ಪೂರ್ತಿ ಹ್ವಾದ ಮ್ಯಾಲ ಹೊಂಡವ್ರು ನೀವು!"

ಕಾಕಾ ಅಡುಗೆಮನೆಯ ಕಡೆ ನೋಡಿದರು. ಒಳಗೆ ಕಾಕು ಶೇಂಗಾ ಹುರಿಯುತ್ತಿದ್ದ ಸಪ್ಪಳ. ಅವರು ದನಿ ಇಳಿಸಿದರು.

"ನಾ ಸಮುದ್ರಕ್ಕ ಹೋಗೇನಿ ಯವ್ವಾ. ಒಮ್ಮೆ. ಲಗ್ನದ ಬಸ್ ತಗೊಂಡು. ಮದಲಿಂಗನ ಮಂದಿ ಎಲ್ಲಾ ನೀರಾಗ ಜಿಗಿದ್ರು. ನಾ ಬಸ್ಸಿನ ಮುಖ ಊರ ಕಡೆ ತಿರುವಿ, ಮಾರಿ ಮ್ಯಾಲ ಟವೆಲ್ ಹಾಕ್ಕೊಂಡು ಸಂಜೀತನಕ ಸೀಟಿನ ಮ್ಯಾಲ ಕುಂತೆ. ಕೂಡೇ ನೋಡೂಣು ಅಂತ ಆಕಿಗೆ ಮಾತು ಕೊಟ್ಟಿದ್ನೆಲ್ಲ, ನೋಡಿಲ್ಲ, ಖರೇನ ನೋಡಿಲ್ಲ. ಆದ್ರ ಕಿವಿಗೆ ಏನ್ ಮಾಡ್ಲಿ? ಇಡೀ ದಿವಸ ಅದರ ಸಪ್ಪಳ ಕೇಳಿದೆ. ಆಕಿಗೆ ಹೇಳಿಲ್ಲ. ಅಲ್ಲಿ ನಿಂತ ಕೂಡ್ಲೇ ಕೇಳತಾಳ, 'ನಿಮಗೂ ಇದ ಮೊದಲನೇ ಸಲ ಅಲ್ಲೇನ್ರಿ?' ಅಂತ. ಏನಂತ ಹೇಳ್ಲಿ?"

ಹುರಿಯುವ ಸಪ್ಪಳ ಯಾವಾಗ ನಿಂತಿತ್ತೋ ಗೊತ್ತಿಲ್ಲ. ಕಾಕು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

"ಆ ಲಗ್ನದಿಂದ ಬಂದಾಗ ನಿಮ್ಮ ಅಂಗಿ ಒಗದಾಕಿ ನಾನ ಅಲ್ಲೇನ್ರಿ?" ಎಂದರು. "ಕಾಲರು, ತೋಳು ಎಲ್ಲಾ ಜಿಗಿಜಿಗಿ, ಉಪ್ಪುಪ್ಪು ವಾಸನಿ. ನಮ್ಮೂರ ಧೂಳಿಗೆ ಆ ವಾಸನಿ ಎಲ್ಲಿಂದ ಬರಬೇಕು?"

ಕಾಕಾ "ಮತ್ತ ಆವಾಗ ಯಾಕ ಕೇಳ್ಲಿಲ್ಲ?" ಎಂದರು.

"ಏನ್ ಕೇಳೂದು?" ಕಾಕು ಸೆರಗಿನಿಂದ ಕೈ ಒರೆಸಿಕೊಂಡರು. "ಜಲ್ದಿ ಒಗೀಲೂ ಇಲ್ಲ ನೋಡ್ರಿ. ನೀವು ವಸ್ತಿಗೆ ಹ್ವಾದ ಮ್ಯಾಲ ದಿಂಬಿನ ಬಾಜೂಕ ಇಟಗೊಂಡು ಮಕ್ಕೊತಿದ್ದೆ. ಆ ವಾಸನಿ ಹೋಗೂತನಕ."

ನನಗೆ ಅಲ್ಲಿ ಕುಳಿತಿರಲು ಆಗಲಿಲ್ಲ, ಎದ್ದು ಹೋಗಲೂ ಆಗಲಿಲ್ಲ. ಕಾಕಾ ನನ್ನ ಕಡೆ ತಿರುಗದೆಯೇ, "ಹಚ್ಚವಾ ಫೋನು" ಎಂದರು.

"ಯಾವುದಕ್ಕ ಕಾಕಾ?"

"ಯಾವುದಕ್ಕರೆ."