ತಾರಸಿಯ ಮೇಲೆ ಶೇಂಗಾ ಹೊಟ್ಟು

ನಮ್ಮೂರಿನ ಬಿಸಿಲನ್ನು ನಾವು ಬೆಳಗಿನಿಂದ ಸಂಜೆಯವರೆಗೆ ಬೈಯುತ್ತೇವೆ. ಆದರೆ ಬೇರೆ ಊರಿನವರು ಒಂದು ಮಾತು ಅಂದರೆ ಮೈ ಉರಿಯುತ್ತದೆ. ಚಳ್ಳಕೆರೆಯಲ್ಲೇ ಹುಟ್ಟಿ, ಇಲ್ಲಿನ ಎಣ್ಣೆ ಮಿಲ್ಲೊಂದರಲ್ಲಿ ತೂಕ ಬರೆಯುತ್ತಾ ತಲೆಗೂದಲು ಉದುರಿಸಿಕೊಂಡ ನನಗಂತೂ ಬಿಸಿಲು ಮನೆಯ ಹಿರಿಯನಿದ್ದಂತೆ, ಗೊಣಗಬಹುದು, ಬಿಟ್ಟುಕೊಡಬಾರದು. ಹೀಗಿರುವಾಗ ನಮ್ಮ ಬೀಗಿತ್ತಿ ಸುಶೀಲಮ್ಮನವರು ಫೋನು ಮಾಡಿ, "ನಿಮ್ಮೂರಾಗೆ ಹಸುಗೂಸು ಬೆಂದೇ ಹೋಗ್ತೈತೆ ಬೀಗರೇ. ರೂಪಾನ ಬಾಣಂತನ ಇಲ್ಲೇ ಆಗ್ಲಿ, ನಮ್ಮನೇಲಿ ಏಸಿ ಐತೆ" ಅಂದುಬಿಟ್ಟರು. ಹೇಳಿದವರು ಊಟಿಯವರಾಗಿದ್ದರೆ ತಲೆ ತಗ್ಗಿಸುತ್ತಿದ್ದೆ. ಸುಶೀಲಮ್ಮನವರದು ಮೊಳಕಾಲ್ಮುರು! ಅಲ್ಲಿನ ಬಂಡೆಯ ಮೇಲೆ ಹಪ್ಪಳ ಒಣಗಲು ಇಟ್ಟರೆ ಸುಟ್ಟುಕೊಂಡೇ ಏಳುತ್ತದೆ. ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಬೇರೆಯವರ ತಟ್ಟೆಯ ನೊಣ ತೋರಿಸಿದರು ಅನ್ನುವುದು ಇದಕ್ಕೇ.

ಸಿಟ್ಟು ನನ್ನದು, ಸಂಕಟ ಹೆಂಡತಿ ಓಬಕ್ಕನದು. ರೂಪಾ ನಮಗೆ ಒಬ್ಬಳೇ ಮಗಳು. ಸೀಮಂತದ ಕುಬಸ ಮುಗಿಸಿ ಅವಳನ್ನು ಕರೆತರಲು ಓಬಕ್ಕ ಆಗಲೇ ಹಳೆಯ ನೂಲಿನ ಸೀರೆಗಳನ್ನು ಒಗೆದು, ಮೆತ್ತಗಿರುವುದನ್ನೆಲ್ಲ ಕೂಸಿಗೆಂದು ಮಡಚಿಟ್ಟಿದ್ದಳು. ಫೋನಿನ ಮಾತು ಕೇಳಿದ ಮೇಲೆ ಆ ಗಂಟನ್ನು ಮಂಚದ ಕೆಳಗೆ ತಳ್ಳಿ ಸುಮ್ಮನಾದಳು. ಅವಳು ಬೈದರೆ ನಾನು ಹಾಯಾಗಿರುತ್ತೇನೆ, ಸುಮ್ಮನಾದರೆ ಊಟ ಸೇರುವುದಿಲ್ಲ. ಹಾಗಾಗಿ ನಮ್ಮ ಮನೆಯನ್ನು ತಂಪು ಮಾಡಿಯೇ ತೀರುತ್ತೇನೆಂದು ಪಣ ತೊಟ್ಟೆ.

ನಮ್ಮದು ಆರ್‌ಸಿಸಿ ಮನೆ. ಹಗಲೆಲ್ಲ ಕುಡಿದ ಬಿಸಿಯನ್ನು ರಾತ್ರಿ ಮೈಮೇಲೆ ಕಾರುತ್ತದೆ. ಮೊದಲು ತಾರಸಿಗೆ ಸುಣ್ಣ ಬಳಿದೆ. ಮನೆ ತಂಪಾಗಲಿಲ್ಲ, ನನ್ನ ಪಂಚೆ ಬೆಳ್ಳಗಾಯಿತು. ಗೋಣಿಚೀಲ ನೆನೆಸಿ ಹಾಸಿದೆ. ನಲ್ಲಿಯಲ್ಲಿ ನೀರು ಬರುವುದೇ ಅಪರೂಪವಾದ ಊರಿನಲ್ಲಿ ಗೋಣಿಗೆ ನೀರು ಕುಡಿಸುವವನನ್ನು ಬೀದಿಯವರು ಹುಚ್ಚನೆಂದುಕೊಂಡರು. ಆಗ ಕಣ್ಣಿಗೆ ಬಿದ್ದದ್ದು ಮಿಲ್ಲಿನ ಹಿಂದೆ ಗುಡ್ಡದಂತೆ ಬಿದ್ದಿದ್ದ ಶೇಂಗಾ ಹೊಟ್ಟು. ಐಸ್ ಗಡ್ಡೆಯನ್ನು ಹೊಟ್ಟಿನಲ್ಲಿ ಹೂತರೆ ಕರಗುವುದಿಲ್ಲ. ಹಾಗಾದರೆ ಮನುಷ್ಯನೇಕೆ ಕರಗಬೇಕು? ಒಂದು ಟ್ರ್ಯಾಕ್ಟರ್ ಹೊಟ್ಟು ತರಿಸಿ ತಾರಸಿಯ ತುಂಬ ಮೊಣಕಾಲುದ್ದ ಹರಡಿದೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಕೆಳಗಿನ ಕೋಣೆ ನಿಜಕ್ಕೂ ತಂಪಾಯಿತು. ಓಬಕ್ಕ ಗೋಡೆ ಮುಟ್ಟಿ ನೋಡಿ, ಮಂಚದ ಕೆಳಗಿನ ಗಂಟನ್ನು ಮತ್ತೆ ಈಚೆಗೆಳೆದಳು. "ಎಲ್ಲಾ ಸರಿ ಐತ್ರೀ. ಗಾಳಿ ಬಂದ್ರೆ?" ಎಂದಳು. "ಗಾಳಿ ಬಂದ್ರೆ ಇನ್ನೂ ತಂಪಾಗ್ತೈತೆ ಕಣೇ" ಎಂದೆ. ಎಂಥ ಜಾಣ ಉತ್ತರವೆಂದು ನನಗೇ ಹೆಮ್ಮೆಯಾಯಿತು.

ಕೋಣೆ ತಂಪಾಗಿದೆಯೆಂದು ನಾನು ಫೋನಿನಲ್ಲಿ ಕೊಚ್ಚಿಕೊಂಡಿದ್ದಕ್ಕೆ, ಭಾನುವಾರ ಮಧ್ಯಾಹ್ನ ಸುಶೀಲಮ್ಮನವರು ಕೋಣೆ ಪರೀಕ್ಷೆಗೆ ಬಂದರು. ಉಟ್ಟಿದ್ದು ಹೊಸ ಮೊಳಕಾಲ್ಮುರು ರೇಷ್ಮೆ. ಆಟೋದಿಂದ ಇಳಿದು ಗೇಟಿಗೆ ಕೈ ಹಾಕಿದ್ದೇ ತಡ, ಊರಾಚೆಯ ಕಾವಲಿನ ಬಯಲ ಕಡೆಯಿಂದ ಸುಂಟರಗಾಳಿ ಎದ್ದಿತು. ನಮ್ಮ ತಾರಸಿಯ ಹೊಟ್ಟಿನಲ್ಲಿ ಅರ್ಧದಷ್ಟು ಒಮ್ಮೆ ಮೇಲೆದ್ದು, ಯಾರ ಮೇಲೆ ಬೀಳಲಿ ಎಂದು ಕ್ಷಣ ಯೋಚಿಸಿ, ಬೀಗಿತ್ತಿಯನ್ನೇ ಆರಿಸಿಕೊಂಡಿತು. ಅವರ ಮೇಲೆ ಬಿದ್ದು ಮಿಕ್ಕಿದ್ದು ಬೀದಿಗೆಲ್ಲ ಹಂಚಿಹೋಯಿತು. ಬಾಣಂತನ ಮುಗಿಯಿತು, ಬೀಗತನವೂ ಮುಗಿಯಿತು ಅಂದುಕೊಂಡೆ. ಓಬಕ್ಕ ತುಟಿ ಕಚ್ಚಿಕೊಂಡು ಅವರನ್ನು ಒಳಗೆ ಕರೆದೊಯ್ದಳು. ಸೀರೆ ಕೊಡವಿದಳು, ಮಜ್ಜಿಗೆ ಕೊಟ್ಟಳು, "ಒಂದ್ ಗಳಿಗೆ ಅಡ್ಡಾಗ್ರಿ ಅಕ್ಕಾರೇ" ಎಂದು ಚಾಪೆ ಹಾಸಿದಳು. ಸುಶೀಲಮ್ಮ ಮಲಗಿದರು. ಸ್ವಲ್ಪ ಹೊತ್ತಿಗೆ ಕೋಣೆಯಿಂದ ಗೊರಕೆ ಕೇಳಿಸಿತು.

ಅಷ್ಟರಲ್ಲಿ ಪಕ್ಕದ ಮನೆಯ ಲಾರಿ ಮೆಕ್ಯಾನಿಕ್ ರಶೀದ್ ಭಾಯ್ ಕೈಯಲ್ಲಿ ಬೋಗುಣಿ ಹಿಡಿದು ಜಗಳಕ್ಕೆ ಬಂದರು. ಓಬಕ್ಕ ತುಟಿಯ ಮೇಲೆ ಬೆರಳಿಟ್ಟು, "ಮೆಲ್ಲಕ್ಕೆ ಭಾಯ್, ಬೀಗ್ತಿ ಮಲಗವ್ರೆ" ಎಂದಳು. ಪಾಪ, ಮನುಷ್ಯ ಪಿಸುಮಾತಿನಲ್ಲೇ ಜಗಳವಾಡಿದರು. "ಅರೆ ಅಣ್ಣಾ, ಬಿರಿಯಾನಿ ನೋಡು! ಅಕ್ಕಿಗಿಂತ ಹೊಟ್ಟೇ ಜಾಸ್ತಿ ಐತೆ!" ನಾನೂ ಪಿಸುಮಾತಿನಲ್ಲೇ ಕ್ಷಮೆ ಕೇಳಿದೆ. ವಿಷಯ ತಿಳಿದ ಮೇಲೆ ಅವರ ಸಿಟ್ಟು ಇಳಿಯಿತು. "ಬೇಟಿ ಬರ್ತಾಳೆ ಅಂದ್ರೆ ಮೊದ್ಲೇ ಹೇಳ್ಬಾರ್ದಾ? ಲಾರಿ ತಾಡಪಾಲು ಕೊಡ್ತೀನಿ, ಹೊಟ್ಟಿನ ಮ್ಯಾಲೆ ಬಿಗಿದು ಕಟ್ಟು" ಎಂದು ಪಿಸುಗುಟ್ಟಿ ಹೋದರು.

ಸುಶೀಲಮ್ಮ ಎದ್ದಾಗ ಬಿಸಿಲು ಇಳಿದಿತ್ತು. ಜಡೆಯಲ್ಲಿ ಇನ್ನೂ ಒಂದು ಶೇಂಗಾ ಸಿಪ್ಪೆ. "ಅಬ್ಬಾ ದೇವುಡಾ, ಎಷ್ಟು ಚಲ್ಲಗಾ, ಎಷ್ಟು ತಣ್ಣಗೆ ಐತೆ! ಇಂಥಾ ನಿದ್ದೆ ಮಾಡಿ ಎಷ್ಟು ವರ್ಷ ಆಯ್ತೋ. ರೂಪಾನ ಕರ್ಕೊಂಡು ಬರ್ರಿ ಬೀಗರೇ" ಎಂದರು. ಓಬಕ್ಕನ ಕಣ್ಣು ತುಂಬಿಬಂತು. ಹೊಟ್ಟಿನಂಥ ಹೊಟ್ಟು ನನ್ನ ಮಗಳನ್ನು ಮನೆಗೆ ತಂದುಕೊಡುತ್ತಿದೆಯಲ್ಲ! ಸುಶೀಲಮ್ಮ ಸೆರಗು ಸರಿಮಾಡಿಕೊಂಡು ಮುಂದುವರಿಸಿದರು: "ಏಸಿಗೆ ನನ್ನ ಮಂಡಿ ಹಿಡ್ಕೊಂತಾವೆ. ಬಾಣಂತನ ಮುಗಿಯೋಗಂಟ ನಾನೂ ಈ ಕೋಣೇಲೇ ಇದ್ದುಬಿಡ್ತೀನಿ."

ಮರುದಿನ ತಾರಸಿ ಹತ್ತಿ, ಬೀದಿಯಿಂದ ಗುಡಿಸಿ ತಂದ ಹೊಟ್ಟನ್ನೂ ಸೇರಿಸಿ ಹರಡಿ, ಮೇಲೆ ರಶೀದ್ ಭಾಯ್ ಅವರ ತಾಡಪಾಲು ಹೊದಿಸಿದೆ. ಮೂರು ಮೂಲೆ ಗಟ್ಟಿಯಾಗಿ ಬಿಗಿದೆ. ನಾಲ್ಕನೆಯ ಮೂಲೆಯ ಹಗ್ಗ ಹಿಡಿದು, ಬೀಗಿತ್ತಿಯ ಗೊರಕೆ ನೆನೆದು, ಇದೊಂದು ಸ್ವಲ್ಪ ಸಡಿಲ ಇದ್ದರೆ ಹೇಗೆ ಎಂದು ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದೆ. ಅಂಗಳದಿಂದ ಓಬಕ್ಕನ ದನಿ ಬಂತು: "ಏನ್ ಯೋಚ್ನೆ ಮಾಡ್ತಿದೀರಾ ಅಂತ ನಂಗೊತ್ತೈತೆ. ಬಿಗಿಯಾಗಿ ಕಟ್ಟ್ರಿ!"

ಕಟ್ಟಿದೆ.