ಉತ್ತರ ಹೇಳದ ನಮ್ಮ ಭಾವ

ನಮ್ಮ ಭಾವನನ್ನು ಬಳ್ಳಾರಿಯ ಬಸ್ ನಿಲ್ದಾಣ ಎಲ್ಲಿದೆ ಎಂದು ಮಾತ್ರ ಕೇಳಬೇಡಿ. ಸಂಜೆಯ ಹೊತ್ತಿಗೆ ನೀವು ಊರಿನ ನಕ್ಷೆ ಬರೆದಿರುತ್ತೀರಿ, ನಾಲ್ಕು ಆಟೋದವರ ಸಂದರ್ಶನ ಮಾಡಿರುತ್ತೀರಿ, ಬಸ್ಸುಗಳು ಯಾವ ದಿಕ್ಕಿನಿಂದ ಹೆಚ್ಚು ಬರುತ್ತವೆ ಎಂದು ಪಟ್ಟಿ ಹಾಕಿರುತ್ತೀರಿ. ನಿಮ್ಮ ಬಸ್ ಮಾತ್ರ ಹೋಗಿರುತ್ತದೆ! ಭಾವ ಪಕ್ಕದಲ್ಲೇ ನಿಂತು, "ಭಾಳ ಚಲೋ ಕಂಡುಹಿಡದ್ರಿ" ಎಂದು ಬೆನ್ನು ತಟ್ಟುತ್ತಾರೆ.

ಅವರು ಮೊದಲು ಹೀಗಿರಲಿಲ್ಲ. ಹದಿನಾಲ್ಕು ವರ್ಷ ವಿಜ್ಞಾನ ಕಲಿಸಿದ ಮೇಷ್ಟರು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳಿ, ಅದನ್ನು ಮೂರು ಸಲ ಬರೆಸಿ, ನಾಲ್ಕನೆಯ ಸಲ ಬಾಯಿಪಾಠ ಒಪ್ಪಿಸಿಕೊಳ್ಳುತ್ತಿದ್ದರು. ಆಮೇಲೆ ಸಂಗನಕಲ್ಲಿನ ದಾರಿಯಲ್ಲಿರುವ ಅಂತರರಾಷ್ಟ್ರೀಯ ಶಾಲೆಗೆ ಸೇರಿದರು. ಅಲ್ಲಿ ಆರು, ಏಳು, ಎಂಟನೆಯ ತರಗತಿಯ ಮಕ್ಕಳಿಗೆ ಉತ್ತರ ಹೇಳಿಕೊಡುವುದು ಮಹಾಪಾಪ. ಮಕ್ಕಳು ತಾವೇ ಕೇಳಬೇಕು, ತಾವೇ ಹುಡುಕಬೇಕು, ತಾವೇ ಕಂಡುಕೊಳ್ಳಬೇಕು. ಮೇಷ್ಟರಾದವರು ಬಾಯಿ ಮುಚ್ಚಿಕೊಂಡು ಜೊತೆಗೆ ನಡೆಯಬೇಕು. ಈ ವಿದ್ಯೆಗೆ ಹೈದರಾಬಾದಿನಲ್ಲಿ ಹದಿನೈದು ದಿನ ತರಬೇತಿ. ಮುಗಿಸಿಕೊಂಡು ರೈಲಿನಿಂದ ಇಳಿದ ಭಾವ ಬೇರೆಯೇ ಮನುಷ್ಯರು. "ಪ್ರಯಾಣ ಹೆಂಗಾತ್ರೀ?" ಎಂದು ಕೇಳಿದೆ. "ಹೆಂಗ ಆಗಿರಬೇಕು ಅಂತ ನಿನಗ ಅನಸ್ತೈತಿ?" ಎಂದರು.

ಶಾಲೆಗೇನೋ ಇದು ಸರಿ. ಮನೆಯಲ್ಲಿ ನಮ್ಮ ಅಕ್ಕನ ಗತಿ?

"ಏನ್ರೀ, ಸಾರಿಗೆ ಉಪ್ಪು ಸಾಕೇನು ನೋಡ್ರಿ."

"ಸಾಕು ಅಂತ ಹೆಂಗ ಗೊತ್ತ ಮಾಡೂಣು?"

"ನಾಲಿಗಿಂದ್ರೀ!"

"ಯಾರ ನಾಲಿಗಿ? ನಿಂದೋ, ನಂದೋ?"

"ಇವತ್ತ ನಂದು. ನಿಮ್ಮ ನಾಲಿಗಿಗೆ ಓಣಿ ತುದ್ಯಾಗ ಹೋಟ್ಲ ಐತಿ."

ಒಂದು ದಿನ ಅಕ್ಕನಿಗೆ ಸಾಕಾಗಿ, "ನನಗ ಈಗ ಏನ ಅನಸಾಕತ್ತೈತಿ ಹೇಳ್ಲೇನು? ತೌರಮನಿಗೆ ಹೋಗಬೇಕ ಅನಸಾಕತ್ತೈತಿ" ಎಂದಳು. ಭಾವ ಪುಳಕಿತರಾದರು. "ಯಾಕ ಅನಸ್ತೈತಿ? ಮೂರು ಕಾರಣ ಬರಿ ನೋಡೂಣು!" ಅಕ್ಕ ಬರೆದಳು. ಮೂರಲ್ಲ, ಹನ್ನೊಂದು! ಹಾಳೆ ಓದಿದ ಭಾವ ಮರುದಿನದಿಂದ ಮಾತಿಲ್ಲದೆ ಬಟ್ಟೆ ಒಣಹಾಕತೊಡಗಿದರು. ಆ ಮಟ್ಟಿಗೆ ಈ ಶಿಕ್ಷಣ ಪದ್ಧತಿಯಿಂದ ನಮ್ಮ ಮನೆಗೆ ಉಪಕಾರವೇ ಆಗಿದೆ.

ತಮಾಷೆ ಇರಲಿ, ಮಕ್ಕಳ ನಡುವೆ ಅವರನ್ನು ನೋಡಬೇಕು! ಶ್ರಾವಣಿ ಎಂಬ ಹುಡುಗಿ, ಏಳನೆಯ ತರಗತಿ, ಸಿರುಗುಪ್ಪದ ಅಕ್ಕಿ ಗಿರಣಿ ಮಾಲೀಕರ ಮಗಳು. ಅಜ್ಜಿ ಮಾಳಿಗೆಯ ಮೇಲೆ ಒಣಗಲು ಹಾಕಿದ ಸಂಡಿಗೆ ಯಾಕೆ ಕಪ್ಪಾಗುತ್ತದೆ ಎಂಬುದು ಅವಳ ಪ್ರಶ್ನೆ. ಭಾವ ಉತ್ತರ ಹೇಳಿದರೆ ತಾನೆ? ಹುಡುಗಿ ಓಣಿಯ ಎಂಟು ಮಾಳಿಗೆಗಳ ಮೇಲೆ ಬಿಳಿ ಬಟ್ಟೆ ಹಾಸಿದಳು. ವಾರವಿಡೀ ಗಾಳಿಯ ದಿಕ್ಕು ಬರೆದಿಟ್ಟಳು. ಬಟ್ಟೆಯ ಮೇಲೆ ಬಿದ್ದ ಬೂದಿಯ ದಾರಿ ಹಿಡಿದು ಹೋಗಿ ಕೊನೆಗೆ ನಿಂತದ್ದು ಅಪ್ಪನ ಗಿರಣಿಯ ಚಿಮಣಿಯ ಕೆಳಗೆ! ಅಪ್ಪ ಶಾಲೆಗೆ ಧಾವಿಸಿದರು. ಆ ಮನುಷ್ಯರಿಗೆ ಸಿಟ್ಟು ಬಂದರೆ ಮೊದಲು ತೆಲುಗು ಬರುತ್ತದೆ.

"ಏಂಟಿ ಸಾರ್ ಇದಿ? ಆರು ತಿಂಗಳಾತು, ಮಗಳು ಮನಿಗೆ ಬಂದು ಬರೇ ಪ್ರಶ್ನಿ ಕೇಳಾಕತ್ತಾಳ. ಉತ್ತರ ಯಾವಾಗ ಸುರು ಮಾಡ್ತೀರಿ?"

"ಆಕಿಗೆ ಉತ್ತರ ಸಿಕ್ಕೇತಲ್ರೀ."

"ಅದ ತ್ರಾಸ ಆಗಿರೋದು ಸಾರ್!"

ತಿಂಗಳೊಳಗೆ ಚಿಮಣಿಗೆ ಬೂದಿ ಹಿಡಿಯುವ ಜಾಲರಿ ಬಂತು. ಈಗ ಆ ತಂದೆ ಗಿರಣಿಗೆ ಬಂದವರಿಗೆಲ್ಲ ಅಕ್ಕಿಗಿಂತ ಮೊದಲು ಚಿಮಣಿ ತೋರಿಸುತ್ತಾರಂತೆ. "ನನ್ನ ಮಗಳು ಹಾಕಿಸಿದ್ದು ರೀ!"

ಇಲ್ಲಿಯವರೆಗೆ ನಗುತ್ತ ಬರೆದೆ. ಮುಂದಿನದನ್ನು ಬರೆಯಲು ಫ್ಯಾನ್ ಆರಿಸಿ ಬಂದು ಕುಳಿತಿದ್ದೇನೆ. ಅದರ ಗುಂಯ್ ಎನ್ನುವ ಸದ್ದು ನನಗೆ ಈಗಲೂ ಆಗುವುದಿಲ್ಲ.

ನಾನು ವಿಮಾ ಕಚೇರಿಯವನು. ಅಪಾಯ ಎಂಬುದನ್ನು ಅರ್ಜಿಯ ಹಾಳೆಯಲ್ಲಿ ಮಾತ್ರ ಕಂಡವನು. ಏಳನೆಯ ತರಗತಿಯ ಇಪ್ಪತ್ತೆರಡು ಮಕ್ಕಳನ್ನು ಕುರುಗೋಡಿನ ಗುಡ್ಡಕ್ಕೆ ಕರೆದೊಯ್ಯುವಾಗ ಇನ್ನೊಬ್ಬ ದೊಡ್ಡವರು ಬೇಕೆಂದು ಭಾವ ನನಗೆ ರಜೆ ಹಾಕಿಸಿದರು. "ಬಂಡೆ ಯಾಕೆ ಸೀಳುತ್ತದೆ?" ಎಂಬುದು ಆ ದಿನದ ಪ್ರಶ್ನೆ. ಮಕ್ಕಳು ಬಂಡೆ ತಟ್ಟಿ ಸದ್ದು ಕೇಳಿದರು, ಬಿರುಕಿಗೆ ನೀರು ಸುರಿದರು, ದಾರ ಹಿಡಿದು ಅಳೆದರು. ಆಗ ಒಬ್ಬನ ಕಣ್ಣು ಎದುರಿನ ದೊಡ್ಡ ಬಂಡೆಯ ಚಾಚಿನ ಕೆಳಗೆ ಹೋಯಿತು. ಅಲ್ಲಿ ಬಾಗಿಲಷ್ಟು ಅಗಲದ ಕಪ್ಪು ಹಲಗೆಯಂಥದ್ದು ನೇತಾಡುತ್ತಿತ್ತು.

"ಸಾರ್, ಅದೇನು?"

"ಏನಿರಬಹುದು?" ಎಂದರು ಭಾವ. ಇನ್ನೇನು ಅನ್ನುತ್ತಾರೆ?

ಟಾರು ಎಂದಳು ಒಬ್ಬಳು. ಬಾವಲಿ ಎಂದ ಇನ್ನೊಬ್ಬ. ನಾನು ಭಾವನ ತೋಳು ಜಗ್ಗಿ, "ಹೆಜ್ಜೇನು ಭಾವ, ಹೋಗೂಣು ನಡೀರಿ" ಎಂದು ಪಿಸುಗುಟ್ಟಿದೆ.

"ಶ್! ನನಗೂ ಗೊತ್ತೈತಿ. ದೂರ ಅದೀವಿ. ಹೇಳಿಬಿಟ್ರ ಹುಡುಗರಿಗೆ ಕಂಡುಹಿಡಿಯಾಕ ಏನ ಉಳೀತು? ಎರಡ ನಿಮಿಷ ತಡಿ."

ಆ ಎರಡು ನಿಮಿಷವನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ಹಿಂದಕ್ಕೆ ತಿರುಗಿಸಿದ್ದೇನೋ! ಪ್ರತಿಸಲವೂ ನಾನೇ ಜೋರಾಗಿ ಕೂಗುತ್ತೇನೆ, ಎಲ್ಲರೂ ಇಳಿದು ಹೋಗುತ್ತೇವೆ, ಬಸ್ಸಿನಲ್ಲಿ ಚಿತ್ರಾನ್ನ ತಿನ್ನುತ್ತೇವೆ. ನಿಜದಲ್ಲಿ ನಾನು ಕೂಗಲಿಲ್ಲ. ಒಂದು ಹದ್ದು ಎಲ್ಲಿಂದಲೋ ಬಂದು ಆ ಹಲಗೆಗೆ ಎರಗಿತು. ಹಲಗೆ ಒಡೆದು ಹೊಗೆಯಾಯಿತು. ಹೊಗೆ ನಮ್ಮ ಕಡೆಗೆ ತಿರುಗಿತು.

"ಹೆಜ್ಜೇನು!" ಭಾವ ಗರ್ಜಿಸಿದರು. "ಮುಖ ಮುಚ್ಚಿಕೊಂಡು ಬಸ್ಸಿಗೆ ಓಡ್ರಿ! ನಿಲ್ಲಬ್ಯಾಡ್ರಿ, ಕೈ ಬೀಸಿ ಹೊಡೀಬ್ಯಾಡ್ರಿ!"

ಎರಡು ವರ್ಷದಲ್ಲಿ ಅವರ ಬಾಯಿಂದ ಬಂದ ಮೊದಲ ನೇರ ಉತ್ತರ. ಮಕ್ಕಳಿಗೆ ಅಭ್ಯಾಸವೇ ಇಲ್ಲ! ಒಂದು ಗಳಿಗೆ ಯಾರೂ ಓಡಲಿಲ್ಲ. ಶ್ರಾವಣಿ ಕೈ ಎತ್ತಿ, "ಯಾಕ ಹೊಡೀಬಾರದು ಸಾರ್?" ಎಂದಳು.

"ಆಮ್ಯಾಲ ಹೇಳ್ತೀನಿ, ಓಡವಾ!"

ಓಡಿದೆವು. ಯಾರನ್ನು ಎತ್ತಿಕೊಂಡೆ, ಯಾರನ್ನು ದಬ್ಬಿದೆ ಎಂಬುದು ನೆನಪಿಲ್ಲ. ಬಸ್ಸಿನೊಳಗೆ ಎಣಿಸಿದೆ: ಇಪ್ಪತ್ತೊಂದು. ಹಿಂದೆ ನೋಡಿದರೆ ಶ್ರಾವಣಿ ಕಲ್ಲುಗಳ ನಡುವೆ ಕಾಲು ಉಳುಕಿ ಬಿದ್ದಿದ್ದಳು. ಭಾವ ಓಡುತ್ತಿದ್ದರು, ನಮ್ಮ ಕಡೆಗಲ್ಲ, ಅವಳ ಕಡೆಗೆ. ಊಟಕ್ಕೆ ಹಾಸಲೆಂದು ಹೆಗಲ ಮೇಲೆ ಜಮಖಾನ ಇತ್ತು. ಅದನ್ನು ಅವಳ ಮೇಲೆ ಹೊದಿಸಿ, ನಾಲ್ಕೂ ಅಂಚುಗಳನ್ನು ತಮ್ಮ ಮೈಯಿಂದ ಅದುಮಿ ಹಿಡಿದು ಬೋರಲು ಮಲಗಿದರು. ಜಮಖಾನದ ಒಳಗೆ ಹುಡುಗಿಗಷ್ಟೇ ಜಾಗ ಇತ್ತು.

ಹುಳಗಳು ಬಸ್ಸಿನೊಳಕ್ಕೂ ನುಗ್ಗತೊಡಗಿದವು. ಮಕ್ಕಳು ಕಿರುಚಿದರು. ನಾನು ಬಾಗಿಲು ಎಳೆದು ಚಿಲಕ ಹಾಕಿದೆ. ಗಾಜಿನೊಳಗಿನಿಂದ ನೋಡುತ್ತ ನಿಂತೆ. ಭಾವನ ಬಿಳಿ ಅಂಗಿ ಸ್ವಲ್ಪ ಸ್ವಲ್ಪವೇ ಕಪ್ಪಾಯಿತು.

ಹುಳಗಳು ಚದುರಿದ ಮೇಲೆ ಡ್ರೈವರ್ ಮತ್ತು ನಾನು ಇಬ್ಬರನ್ನೂ ಹೊತ್ತು ತಂದೆವು. ಶ್ರಾವಣಿಗೆ ಕಚ್ಚಿದ್ದು ಮೂರೇ ಮೂರು. ಭಾವನ ಮೈಯಿಂದ ಮಾತ್ರ ಬಳ್ಳಾರಿಯ ಆಸ್ಪತ್ರೆಯಲ್ಲಿ ವೈದ್ಯರು ಮುಳ್ಳು ಕೀಳುತ್ತಲೇ ಇದ್ದರು. "ನಾಳಿತನಕ ಏನೂ ಹೇಳಾಕ ಬರಂಗಿಲ್ಲ" ಎಂದರು. ಅಕ್ಕ ಗೋಡೆಗೆ ತಲೆ ಆನಿಸಿ ಕುಳಿತಳು.

ಮೂರನೆಯ ದಿನ ಭಾವನಿಗೆ ಮಾತು ಬಂತು. ಕಣ್ಣು ಊದಿ ಮುಚ್ಚಿಯೇ ಇದ್ದವು. ಶ್ರಾವಣಿಯ ತಂದೆ ಬಂದು ಮಂಚದ ಪಕ್ಕ ನಿಂತರು.

"ಸಾರ್, ಅದು ಹೆಜ್ಜೇನು ಅಂತ ನಿಮಗ ಮೊದಲ ಗೊತ್ತಿತ್ತೇನ್ರಿ?"

"ಗೊತ್ತಿತ್ತು. ನೋಡಿದ ಕೂಡಲೆ ಹೇಳಬೇಕಿತ್ತು. ತಪ್ಪ ನಂದು."

ತೆಲುಗು ಬರುತ್ತದೆ ಎಂದು ನಾನು ಕಾದೆ. ಬರಲಿಲ್ಲ. ಅವರು ಸ್ಟೂಲು ಎಳೆದುಕೊಂಡು ಕುಳಿತು, ಅಕ್ಕನ ಕೈಯಿಂದ ಗಂಜಿಯ ಬಟ್ಟಲು ಇಸಿದುಕೊಂಡು, ಚಮಚಕ್ಕೆ ಊದಿ, "ಬಾಯಿ ತೆಗೀರಿ ಸಾರ್" ಎಂದರು. ಉಣಿಸಿ ಅಭ್ಯಾಸವಿಲ್ಲದ ಕೈ, ಗಂಜಿ ಅರ್ಧ ದಿಂಬಿಗೆ ಬಿತ್ತು.

ಎಲ್ಲರೂ ಹೊರಗೆ ಹೋದ ಮೇಲೆ ಭಾವ ಕೈ ತಡವಿ ನನ್ನನ್ನು ಹುಡುಕಿದರು.

"ಬಸ್ಸಿನ ಬಾಗಲಾ ಯಾರು ಹಾಕಿದ್ರಲೇ?"

ಈ ಮಾತಿಗೆ ಹೆದರಿಯೇ ನಾನು ಮೂರು ದಿನದಿಂದ ಮಂಚದ ಕಾಲುಗಡೆ ಕುಳಿತಿದ್ದೆ.

"ನಾನ, ಭಾವ. ನೀವು ಹೊರಗ ಇದ್ದದ್ದು ಕಾಣತಿತ್ತು. ನೋಡಿಕೋತನ ಹಾಕಿದೆ."



"ಮಕ್ಕೊಂಡಲ್ಲಿಂದ ಒಮ್ಮಿ ಬಸ್ಸಿನ ಕಡೆ ನೋಡಿದೆ. ಬಾಗಲಾ ಹಾಕಿತ್ತು. ಉಳಿದ ಹುಡುಗರೆಲ್ಲ ಬದುಕಿದ್ರು ಅಂತ ಧೈರ್ಯ ಆತು. ಇನ್ನ ಈಕಿ ಒಬ್ಬಾಕಿನ್ನ ಹಿಡಕೊಂಡಿದ್ರ ಸಾಕು ಅನ್ನಿಸ್ತು. ಬಾಗಲಾ ತಗದಿದ್ರ ನನ್ನ ಕೈಲಿ ಆಗತಿರಲಿಲ್ಲಲೇ."

ನಾನು ಅವರ ಊದಿದ ಅಂಗೈಯಲ್ಲಿ ಮುಖ ಇಟ್ಟು ಅತ್ತುಬಿಟ್ಟೆ.

"ಮೆಲ್ಲಗ, ಇನ್ನೂ ಮುಳ್ಳು ಅದಾವ" ಎಂದರು. ಕೈ ಮಾತ್ರ ತೆಗೆಯಲಿಲ್ಲ.